ದುಡ್ಡು ಕೊಟ್ಟು ಮೇಷ್ಟ್ರಾಗಲು ಹೋದೆ

ರಿಟೈರ್ ಆದ ಮೇಲೆ ವಿದೇಶಕ್ಕೆ ಹೋಗಿ ಬಡ ಮಕ್ಕಳಿಗೆ ನಾಲ್ಕು ವಾರ ಇಂಗ್ಲಿಷ್ ಹೇಳಿಕೊಟ್ಟು ಬರೋಣ ಅಂತ ಯಾರಾದರೂ ಯೋಚಿಸುತ್ತಿದ್ದರೆ, ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ. ನಾನು ಕಟ್ಟಿದ್ದು ಹೆಚ್ಚುಕಡಿಮೆ ಒಂದು ಲಕ್ಷ, ವಿಮಾನದ ಟಿಕೆಟ್ ಬೇರೆ. ಹೋದದ್ದು 2024ರ ಸೆಪ್ಟೆಂಬರಿನಲ್ಲಿ, ಕಾಂಬೋಡಿಯಾದ ಸಿಯೆಮ್ ರೀಪ್‌ಗೆ. ಅಂಗ್ಕೋರ್ ವಾಟ್ ಇರುವ ಊರು. ಕಳಿಸಿದ ಸಂಸ್ಥೆಯ ಹೆಸರು ಬರೆಯುವುದಿಲ್ಲ. ಹೆಸರು ಬದಲಾಯಿಸಿಕೊಳ್ಳಲು ಅವರಿಗೆ ಎಷ್ಟು ಹೊತ್ತು?

ಮನೆಯವರಿಗೆ ಇದ್ದ ಹೆದರಿಕೆಯೇ ಬೇರೆ. ಕೆಲಸ ಕೊಡಿಸುತ್ತೇವೆಂದು ಕಾಂಬೋಡಿಯಾಕ್ಕೆ ಕರೆಸಿಕೊಂಡು ಆನ್‌ಲೈನ್ ವಂಚನೆಗೆ ಹಚ್ಚುತ್ತಾರೆ ಅನ್ನುವ ಸುದ್ದಿ ಆ ವರ್ಷ ಪೇಪರಿನ ತುಂಬ ಇತ್ತು. ಹಾಗೆ ಸಿಕ್ಕಿಬಿದ್ದ ಸುಮಾರು 250 ಭಾರತೀಯರನ್ನು ವಾಪಸ್ ಕರೆತಂದಿದ್ದೇವೆ ಅಂತ ವಿದೇಶಾಂಗ ಸಚಿವಾಲಯವೇ ಮಾರ್ಚಿನಲ್ಲಿ ಹೇಳಿತ್ತು. "ರೀ, ನಿಮ್ಮನ್ನೂ ಕಂಪ್ಯೂಟರ್ ಮುಂದೆ ಕೂರಿಸಿಬಿಟ್ಟರೆ?" ಅಂದಳು ನಮ್ಮವಳು. "ನಂಗೆ ಪಾಸ್‌ವರ್ಡೇ ನೆನಪಿರಲ್ಲ ಮಾರಾಯ್ತಿ, ನನ್ನ ಕಟ್ಟಿಕೊಂಡರೆ ಅವರೇ ಮುಳುಗ್ತಾರೆ" ಅಂತ ನಗಿಸಿದ್ದೆ. ಆ ಕಳ್ಳರಿಗೆ ಹೆದರಿ ಎಚ್ಚರದಲ್ಲಿದ್ದೆ. ನನ್ನನ್ನು ಸುಲಿದವರು ನಯವಾಗಿ ಮಾತಾಡಿ ರಸೀದಿ ಕೊಡುವ ಜನ.

ನಾನು ಹೈಸ್ಕೂಲಿನಲ್ಲಿ 31 ವರ್ಷ ಇಂಗ್ಲಿಷ್ ಪಾಠ ಹೇಳಿದವನು. ಬಿ.ಎಡ್. ಸರ್ಟಿಫಿಕೇಟು, ಸೇವಾ ಪ್ರಮಾಣಪತ್ರ, ಪಾಸ್‌ಪೋರ್ಟ್ ಕಚೇರಿಗೆ ಅಲೆದು ಮಾಡಿಸಿದ ಪೊಲೀಸ್ ಕ್ಲಿಯರೆನ್ಸು, ಎಲ್ಲ ಒಂದು ಫೈಲಿಗೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದೆ. ಫೋನಿನಲ್ಲಿ ಮಾತಾಡಿದ ಹುಡುಗಿ ಕೇಳಿದ್ದು ಎರಡೇ: ಯಾವ ತಾರೀಕು, ಯಾವ ಕಾರ್ಡು. ನನಗೆ ಆಗಲೇ ಬುದ್ಧಿ ಬರಬೇಕಿತ್ತು. ಬಿಸಿಯೂಟದ ಅಡುಗೆಗೆ ಸೇರಿಸಿಕೊಳ್ಳುವಾಗಲೂ ನಮ್ಮಲ್ಲಿ ಇದಕ್ಕಿಂತ ಹೆಚ್ಚು ವಿಚಾರಿಸುತ್ತಾರೆ. ವೀಸಾ ಬಗ್ಗೆ ಕೇಳಿದ್ದಕ್ಕೆ, "ಟೂರಿಸ್ಟ್ ವೀಸಾ ಸಾಕು ಸರ್, ಅಲ್ಲಿ ಕೇಳಿದರೆ ದೇವಸ್ಥಾನ ನೋಡೋಕೆ ಬಂದೆ ಅನ್ನಿ" ಅಂದಳು. ಸುಳ್ಳು ಹೇಳಿಕೊಡುವವರ ಜೊತೆ ಪಾಠ ಹೇಳಲು ಹೊರಟಿದ್ದೆ! ಅಂದಹಾಗೆ, ಅಲ್ಲಿ ಟೂರಿಸ್ಟ್ ವೀಸಾ ಒಂದೇ ಸಲ, ಒಂದೇ ತಿಂಗಳಿಗೆ ವಿಸ್ತರಣೆಯಾಗುತ್ತದೆ. ಅವಧಿ ಮೀರಿ ಉಳಿದರೆ ದಿನಕ್ಕೆ 10 ಡಾಲರ್ ದಂಡ. ಹೆಚ್ಚು ಕಾಲ ಇರುವವರು ‘ಇ’ ವರ್ಗದ ವೀಸಾ ಮಾಡಿಸುತ್ತಾರೆ ಅಂತ ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ.

ಒಪ್ಪಿದ್ದು ಹಳ್ಳಿಯ ಸರ್ಕಾರಿ ಶಾಲೆಗೆ. ಇಳಿದು ನೋಡಿದರೆ ಶಾಲೆಗೆ ದೊಡ್ಡ ರಜೆ, ಬಾಗಿಲು ತೆಗೆಯುವುದು ನವೆಂಬರಿಗೆ. ಇಷ್ಟು ವರ್ಷ ಮೇಷ್ಟ್ರಾಗಿದ್ದು ರಜೆ ಯಾವಾಗ ಅಂತ ಕೇಳದೆ ಹೊರಟದ್ದು ನನ್ನ ಪೆದ್ದುತನವೇ. ಪರವಾಗಿಲ್ಲ ಸರ್ ಅಂತ ಊರಾಚೆಯ ಒಂದು ಅನಾಥಾಲಯಕ್ಕೆ ತಂದು ಬಿಟ್ಟರು.

ಮಳೆಗಾಲ ಬೇರೆ. ತಗಡಿನ ಮಾಡಿಗೆ ಮಳೆ ಬಡಿದರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಆರು ವರ್ಷದವರಿಂದ ಹದಿನೈದರವರೆಗೆ 28 ಮಕ್ಕಳು, ಒಂದೇ ಕೋಣೆ. ಹಾಜರಿ ಪುಸ್ತಕ ಕೇಳಿದರೆ ಮ್ಯಾನೇಜರ್ ನಕ್ಕ. ಆದರೆ ಮಕ್ಕಳು ಕೈಮುಗಿದು ‘ಲೋಕ್ ಕ್ರೂ’ ಅಂದಾಗ ಎಲ್ಲ ಮರೆತೆ. ನಮ್ಮ ಗುರುವೇ ಅವರ ಬಾಯಲ್ಲಿ ಕ್ರೂ. ಅವರ ಅಂಕಿಗಳಲ್ಲಿ ಎರಡು, ಮೂರು ನಮ್ಮ ೨, ೩ರ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ತೋರಿಸಿದೆ, ಬಿದ್ದು ಬಿದ್ದು ನಕ್ಕವು.

ಮೂರನೇ ದಿನ ಒಬ್ಬ ಹುಡುಗಿಯ ನೋಟ್‌ಬುಕ್ ತಿದ್ದಲು ತೆಗೆದುಕೊಂಡೆ. ಮೊದಲ ಪುಟದಲ್ಲಿ ತನ್ನ ಹೆಸರು, ವಯಸ್ಸು, ಇಷ್ಟದ ಬಣ್ಣ. ಕೆಳಗೆ ಕೆಂಪು ಶಾಯಿಯಲ್ಲಿ ನಕ್ಷತ್ರ. ನಾಲ್ಕು ಪುಟ ದಾಟಿದರೆ ಮತ್ತೆ ಹೆಸರು, ವಯಸ್ಸು, ಇಷ್ಟದ ಬಣ್ಣ; ಹಸಿರು ಶಾಯಿ, ಬೇರೆ ಕೈಬರಹ. ಇನ್ನೈದು ಪುಟಕ್ಕೆ ಮತ್ತದೇ. ಎಣಿಸಿದೆ, ನನಗಿಂತ ಮೊದಲು ಏಳು ಜನ ಬಂದು ಹೋಗಿದ್ದರು. ಎಂಟನೆಯದು ನಾನೇ ಹಿಂದಿನ ದಿನ ಬರೆಸಿದ್ದು. ನಡುವೆ ಎಲ್ಲೋ ಒಂದು ಕಡೆ ವಯಸ್ಸು ಹತ್ತು ಹೋಗಿ ಹನ್ನೊಂದಾಗಿತ್ತು. ಬಣ್ಣ ಎಲ್ಲ ಕಡೆಯೂ ನೇರಳೆ. ನಾನು ಬರೆಸುವಾಗ ಏನೂ ಗೊತ್ತಿಲ್ಲದವಳ ಹಾಗೆ ಕಣ್ಣರಳಿಸಿ ಕೇಳಿಸಿಕೊಂಡಿದ್ದಳು. ಬಂದವರಿಗೆ ಬೇಜಾರು ಮಾಡಬಾರದು ಅನ್ನುವುದನ್ನು ಮಾತ್ರ ಆ ಮಕ್ಕಳು ಚೆನ್ನಾಗಿ ಕಲಿತಿದ್ದವು.

ಹಿಂದಿನ ಬೆಂಚಿನಲ್ಲಿ ಅಲ್ಲಿಯವರೇ ಆದ ಒಬ್ಬ ಟೀಚರಮ್ಮ ಸುಮ್ಮನೆ ಕೂತಿರುತ್ತಿದ್ದರು. ಖಮೇರ್ ಭಾಷೆಯಲ್ಲಿ ಬಿಡಿಸಿ ಹೇಳಿ ಇಂಗ್ಲಿಷ್ ಕಲಿಸಬಲ್ಲವರು ಆ ಕೋಣೆಯಲ್ಲಿ ಅವರೊಬ್ಬರೇ. ನನ್ನಂಥವರು ಬಂದ ವಾರ ಅವರಿಗೆ ಅರ್ಧ ಸಂಬಳವಂತೆ. ನಾನು ಕಟ್ಟಿದ ದುಡ್ಡಿನಲ್ಲಿ ಇಲ್ಲಿಗೆ ಎಷ್ಟು ಬಂತು ಅಂತ ಕೇಳಿದೆ. ಅಡುಗೆಮನೆಯ ಮೂಲೆಯಲ್ಲಿದ್ದ ಎರಡು ಅಕ್ಕಿ ಮೂಟೆ ತೋರಿಸಿದರು.

ಅಷ್ಟರಲ್ಲಿ ಪ್ಚುಮ್ ಬೆನ್ ಬಂತು. ನಮ್ಮ ಪಿತೃಪಕ್ಷವೇ ಅನ್ನಿ. ಆ ‘ಬೆನ್’ ಕೂಡ ಪಿಂಡದಿಂದಲೇ ಬಂದ ಮಾತು. ಅಕ್ಟೋಬರ್ 2ಕ್ಕೆ ನಮ್ಮ ಮಹಾಲಯ ಅಮಾವಾಸ್ಯೆ, ಅವರಿಗೆ 1ರಿಂದ ಮೂರು ದಿನ ರಜೆ. 30ರ ಸಂಜೆ ಗೇಟಿನ ಹತ್ತಿರ ಒಂದೊಂದೇ ಮೋಟಾರ್‌ಬೈಕ್ ಬಂದು ನಿಂತಿತು. ನೇರಳೆ ಬಣ್ಣದ ಹುಡುಗಿ ಒಂದರ ಹಿಂದೆ ಹತ್ತಿ, ಮುಂದೆ ಕೂತ ಹೆಂಗಸಿನ ಸೊಂಟ ಬಳಸಿ ಹಿಡಿದು, "ದಿಸ್ ಈಸ್ ಮೈ ಮದರ್, ಟೀಚರ್" ಅಂದಳು. ವ್ಯಾಕರಣ ಒಂದಿಷ್ಟೂ ತಪ್ಪಿರಲಿಲ್ಲ. ರಾತ್ರಿ ಊಟಕ್ಕೆ ಉಳಿದವರು ನಾಲ್ಕೇ ಮಕ್ಕಳು. ಮಿಕ್ಕ ಅನಾಥರೆಲ್ಲ ಸತ್ತ ಹಿರಿಯರಿಗೆ ಅನ್ನದ ಉಂಡೆ ಇಡಲು ಅಪ್ಪ ಅಮ್ಮನ ಜೊತೆ ಊರಿಗೆ ಹೋಗಿದ್ದರು.

ಕಾಂಬೋಡಿಯಾದ ಅನಾಥಾಲಯಗಳಲ್ಲಿರುವ ನಾಲ್ಕು ಮಕ್ಕಳಲ್ಲಿ ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಅಂತ ಯುನಿಸೆಫ್ ವರ್ಷಗಳ ಹಿಂದೆಯೇ ಹೇಳಿತ್ತು. ನಾನು ಓದಿದ್ದು ಆ ರಾತ್ರಿ. ಊಟ, ಇಂಗ್ಲಿಷು ಸಿಗುತ್ತದೆ ಅಂತ ಬಡವರು ಮಕ್ಕಳನ್ನು ಬಿಡುತ್ತಾರೆ. ಮಕ್ಕಳಿದ್ದಾರೆ ಅಂತ ನಾವು ಹೋಗುತ್ತೇವೆ. ನಾವು ಬರುತ್ತೇವೆ ಅಂತ ಅನಾಥಾಲಯದವರು ಇನ್ನಷ್ಟು ಮಕ್ಕಳನ್ನು ತಂದು ಕೂರಿಸುತ್ತಾರೆ.

ಒಂದು ವಾರ ಮೊದಲೇ ಹೊರಟುಬಂದೆ. ಒಂದು ರೂಪಾಯಿಯೂ ವಾಪಸ್ ಬರಲಿಲ್ಲ. ಹೋಗಲೇಬೇಕು ಅನ್ನುವವರು ಮೂರು ಮಾತು ಕೇಳಿ: ನನಗಿಂತ ಮೊದಲು ಪಾಠ ಮಾಡುತ್ತಿದ್ದವರು ಯಾರು, ನಾನು ಬಂದರೆ ಅವರೇನು ಮಾಡುತ್ತಾರೆ, ನನ್ನ ಪೊಲೀಸ್ ಕ್ಲಿಯರೆನ್ಸ್ ನೋಡುವವರು ಯಾರು. ಉತ್ತರ ತಡವರಿಸಿದರೆ ಬಿಟ್ಟುಬಿಡಿ. ಯುಎನ್ ವಾಲಂಟಿಯರ್ಸ್‌ನಂಥ ಕಡೆ ಅರ್ಜಿ ಹಾಕಿ ಆಯ್ಕೆಯಾಗಬೇಕು, ಆಯ್ಕೆಯಾದವರ ಜೀವನಭತ್ಯೆಯನ್ನು ಅವರೇ ಕೊಡುತ್ತಾರೆ. ಮಕ್ಕಳ ಜೊತೆ ಬೆರೆಯುವ ಕೆಲಸಕ್ಕೆ ಯಾರನ್ನೂ ಜರಡಿ ಹಿಡಿಯದೆ ಒಳಗೆ ಬಿಡುವ ಕಡೆ, ನಾಳೆ ಇನ್ನೆಂಥವನು ಬರುತ್ತಾನೋ ಯೋಚಿಸಿ.

ಆ ಸಂಸ್ಥೆಯ ಜಾಹೀರಾತು ಈಗಲೂ ಓಡಾಡುತ್ತಿದೆ. ಸುತ್ತ ಮಕ್ಕಳನ್ನು ನಿಲ್ಲಿಸಿಕೊಂಡು ಹಲ್ಲು ಕಿರಿಯುತ್ತಿರುವ ನೀಲಿ ಶರ್ಟಿನ ಬೋಳುತಲೆಯವನು ಕಂಡರೆ, ಅದು ನಾನೇ. ಎರಡನೇ ದಿನ ತೆಗೆದ ಫೋಟೋ. ತೆಗೆಯಿರಿ ಅಂತ ಮೂರು ಸಲ ಬರೆದಿದ್ದೇನೆ.