ಡಿಎಸ್3231 ಕ್ಲಾಕ್ ಮಾಡ್ಯೂಲ್ ಕೊಳ್ಳುವವರೇ, ಬ್ಯಾಟರಿ ಸೆಲ್ ಮೇಲಿನ ಅಕ್ಷರ ಓದಿ

ನಾನೇ ಮಾಡಿದ ಪೆಟ್ಟಿಗೆಯೊಳಗೆ ನನ್ನ ಫೋನ್ ಸಿಕ್ಕಿಹಾಕಿಕೊಂಡಿತು. ಹೇಳಿಕೊಳ್ಳಲು ನಾಚಿಕೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರು ಬೀಳಬಾರದು.

ಫೋನ್ ಚಟ ಬಿಡಲೆಂದು ಟೈಮರ್ ಲಾಕ್ ಪೆಟ್ಟಿಗೆ ಮಾಡಿದ್ದೆ. ಆರ್ಡುಯಿನೊ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡ್, ಕರೆಂಟ್ ಕೊಟ್ಟರೆ ತೆರೆಯುವ 12 ವೋಲ್ಟ್ ಸೊಲೆನಾಯ್ಡ್ ಲಾಕ್, ಅದಕ್ಕೆ ಸ್ವಿಚ್ ಆಗಿ ಒಂದು ಮಾಸ್ಫೆಟ್, ಸಮಯಕ್ಕೆ ಡಿಎಸ್3231 ಗಡಿಯಾರದ ಮಾಡ್ಯೂಲ್. ಸಂಜೆ 7ರಿಂದ 9ರೊಳಗೆ ಬಟನ್ ಒತ್ತಿದರೆ ಮಾತ್ರ ತೆರೆಯುತ್ತದೆ. ಮೂರು ವಾರ ಚೆನ್ನಾಗಿಯೇ ನಡೆಯಿತು.

ಒಂದು ಸಂಜೆ ಕರೆಂಟ್ ಹೋಗಿ ಬಂತು. 7ಕ್ಕೆ ಬಟನ್ ಒತ್ತಿದೆ. ಇಲ್ಲ. ಮತ್ತೆ ಒತ್ತಿದೆ. ಇಲ್ಲ. ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ನೋಡಿದರೆ ಪೆಟ್ಟಿಗೆಯ ಲೆಕ್ಕದಲ್ಲಿ ರಾತ್ರಿ ಹನ್ನೊಂದೂವರೆ ದಾಟಿದೆ, ಅದೂ ಮೂರು ವಾರ ಹಿಂದಿನದು! ಗಡಿಯಾರ ನಿಂತಿದ್ದರೆ ಕೋಡ್ ಕಂಪೈಲ್ ಆದ (ಲ್ಯಾಪ್‌ಟಾಪ್‌ನಲ್ಲಿ ಸಿದ್ಧವಾದ) ಸಮಯವನ್ನೇ ಹಾಕಿಕೋ ಅನ್ನುವ ಸಾಲನ್ನು ಉದಾಹರಣೆ ಕೋಡ್‌ನಿಂದ ಹಾಗೇ ಎತ್ತಿಕೊಂಡಿದ್ದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಕರೆಂಟ್ ಹೋದಾಗ ಗಡಿಯಾರ ನಡೆಸಲೆಂದೇ ಮಾಡ್ಯೂಲ್‌ನಲ್ಲಿ ಬ್ಯಾಕಪ್ ಸೆಲ್ ಇರುವಾಗ ಗಡಿಯಾರ ನಿಂತದ್ದಾದರೂ ಯಾಕೆ?

ಪೆಟ್ಟಿಗೆಯ ಹಿಂಜ್ ಕಳಚಿ ಮಾಡ್ಯೂಲ್ ಬಿಚ್ಚಿದೆ. ಸೆಲ್ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಉಗುರಿನಿಂದ ಎಬ್ಬಿಸಿ ಬೆಳಕಿಗೆ ಹಿಡಿದರೆ 'ಸಿಆರ್2032'. ಮಾರುವಾಗ ಹೇಳಿದ್ದು ರೀಚಾರ್ಜ್ ಆಗುವ 'ಎಲ್‌ಐಆರ್2032' ಅಂತ! ಈ ಬೋರ್ಡಿನಲ್ಲಿ ಡಯೋಡ್, 200 ಓಮ್ ರೆಸಿಸ್ಟರ್ ಮೂಲಕ ಸೆಲ್‌ಗೆ ಚಾರ್ಜ್ ಹೋಗುತ್ತಲೇ ಇರುತ್ತದೆ. ಸಿಆರ್ ಸೆಲ್ ಚಾರ್ಜ್ ಮಾಡುವಂಥದ್ದೇ ಅಲ್ಲ. ಮೂರು ವಾರ ಅದಕ್ಕೆ 5 ವೋಲ್ಟ್ ಸಪ್ಲೈಯಿಂದ ಚಾರ್ಜ್ ತಿನ್ನಿಸಿದ್ದೆ, ಮುಚ್ಚಿದ ಪೆಟ್ಟಿಗೆಯಲ್ಲಿ, ಫೋನ್ ಪಕ್ಕದಲ್ಲಿ. ಮೈ ಜುಮ್ಮೆಂದಿತು.

ಮಾರಿದವರ ಜೊತೆ ಚಾಟ್ ಶುರು ಮಾಡಿದೆ.

"ಸರ್, ಎರಡೂ ಒಂದೇ ಸೈಜ್."

ಸೈಜ್ ಒಂದೇ ಸ್ವಾಮಿ, 20 ಮಿಲಿಮೀಟರ್ ಅಗಲ, 3.2 ದಪ್ಪ. ಒಳಗಿರೋದು ಬೇರೆ ಅಲ್ವಾ? ಉಬ್ಬಿದ ಸೆಲ್ ಫೋಟೊ ಕಳಿಸಿದೆ.

"ನೀವು 5 ವೋಲ್ಟ್ ಕೊಟ್ಟಿದ್ದೀರಿ ಸರ್, 3.3 ಕೊಡಬೇಕಿತ್ತು."

ಅವರದೇ ಪುಟದಲ್ಲಿ '3.3ರಿಂದ 5.5 ವೋಲ್ಟ್' ಅಂತಿದೆ! ಸ್ಕ್ರೀನ್‌ಶಾಟ್ ಕಳಿಸಿದೆ. ಅರ್ಧ ದಿನ ಸುಮ್ಮನಿದ್ದು, "ಬ್ಯಾಟರಿ ಉಚಿತ ಸರ್, ಅದಕ್ಕೆ ವಾರಂಟಿ ಇಲ್ಲ. ಐದು ಸ್ಟಾರ್ ಕೊಟ್ಟರೆ ಹೊಸದು ಕಳಿಸುತ್ತೇವೆ."

ಐದು ಸ್ಟಾರ್! ಕೊಟ್ಟಾಗಿತ್ತು ರೀ, ಪಾರ್ಸೆಲ್ ಬಂದ ದಿನವೇ, ಪ್ಯಾಕಿಂಗ್ ಚೆನ್ನಾಗಿದೆ ಅಂತ. ಸಾಮಾನು ನೋಡದೆ ಪ್ಯಾಕಿಂಗ್ ಹೊಗಳಿದ ದಡ್ಡ ನಾನು.

ಪೆಟ್ಟಿಗೆಯ ಹಿಂಜ್ ಸ್ಕ್ರೂ ಹೊರಗಡೆಯೇ ಇತ್ತು, ಅದರಿಂದ ಬಚಾವಾದೆ. ಬಿಚ್ಚುವಾಗ ಮನೆಯವರು ನಕ್ಕರು, "ಕಳ್ಳನಿಗೂ ಇಷ್ಟೇ ಕಷ್ಟನಾ?" ಅಂತ.

ನೀವು ತಂದರೆ ಮೊದಲು ಸೆಲ್ ಮೇಲೆ ಏನು ಬರೆದಿದೆ ಓದಿ. ಸಿಆರ್ ಇದ್ದರೆ ಪವರ್ ಕೊಡುವ ಮುಂಚೆ ಆ 200 ಓಮ್ ರೆಸಿಸ್ಟರ್ ತೆಗೆದುಬಿಡಿ. ಹೊರಗಿನಿಂದ ತೆರೆಯಲು ಇನ್ನೊಂದು ದಾರಿ ಇಟ್ಟುಕೊಳ್ಳಿ. ಸ್ಟಾರ್ ಒಂದು ತಿಂಗಳಾದ ಮೇಲೆ ಕೊಡಿ.

ಅವರ ಪುಟದಲ್ಲಿ ಇವತ್ತಿಗೂ 'ರೀಚಾರ್ಜಬಲ್ ಬ್ಯಾಟರಿ ಉಚಿತ' ಅಂತಲೇ ಇದೆ. ಕೆಳಗೆ ನನ್ನ ಐದು ಸ್ಟಾರ್ ಕೂಡ ಇದೆ, ಬದಲಿಸಲು ಬಿಡುತ್ತಿಲ್ಲ.