ಒಂದು ಹಲ್ಲಿನ ವ್ಯತ್ಯಾಸ
ತಿಪಟೂರು ಬಸ್ ಸ್ಟ್ಯಾಂಡ್ ಹಿಂದಿನ ಪುಟ್ಟ ಗ್ಯಾರೇಜು. ಬೋರ್ಡೂ ಇಲ್ಲ. ಅಪ್ಪನ ಕಾಲದ ಸ್ಪ್ಲೆಂಡರ್‌ಗೆ ಬೇರೆ ಕಡೆ ಇಂಜಿನ್ ಬಿಚ್ಚಿಸಿ ಹೊಸ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಉಬ್ಬಿನ ದಂಡ) ಹಾಕಿಸಿದ್ದೆ. ಆಮೇಲೆ ಪಿಕಪ್ಪೇ ಇಲ್ಲ, ಸೈಲೆನ್ಸರ್‌ನಲ್ಲಿ ಪಟಪಟ ಸದ್ದು.

ಇಲ್ಲಿಯ ಅಣ್ಣ ಹೆಡ್ ಕವರ್ ಬಿಚ್ಚಿ, ಮ್ಯಾಗ್ನೆಟ್ಟಿನ 'ಟಿ' ಗುರುತನ್ನು (ಪಿಸ್ಟನ್ ಪೂರ್ತಿ ಮೇಲೆ ಬಂದಿದೆ ಎಂಬ ಗುರುತು) ಕೇಸಿನ ಗೆರೆಗೆ ತಂದು, ಟಾರ್ಚ್ ಬಿಟ್ಟು ತೋರಿಸಿದರು. ಕ್ಯಾಮ್ ತಿರುಗಿಸುವ ಹಲ್ಲಿನ ಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಗುರುತು ಹೆಡ್ಡಿನ ಗುರುತಿಗೆ ಕೂತಿರಲಿಲ್ಲ. "ಒಂದು ಹಲ್ಲು ಹಾರಿದೆ ಮೇಷ್ಟ್ರೇ." ಚೈನ್ ಇಳಿಸಿ ಕೂರಿಸಿದರು. ಕ್ಯಾಮ್ ಉಬ್ಬಿಗೆ ಇಂಜಿನ್ ಆಯಿಲ್ ಸವರಿದರು. ಕಿಕ್ ಹೊಡೆಯುವ ಮೊದಲು ಕೈಯಲ್ಲೇ ಇಂಜಿನ್ನನ್ನು ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಿದರು; ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಎರಡು ಸುತ್ತಿದರೆ ತಾನೇ ಕ್ಯಾಮ್ ಒಂದು ಸುತ್ತುವುದು. ಹಿಂದಿನವರು ಅಷ್ಟು ಮಾಡಿದ್ದರೆ ಸಾಕಿತ್ತು. ಟ್ಯಾಪೆಟ್ಟನ್ನೂ (ವಾಲ್ವಿನ ಸಂದು) ಅಂದಾಜಿಗಲ್ಲ, ಇಂಜಿನ್ ತಣ್ಣಗಾದ ಮೇಲೆ ಗೇಜ್ ಹಾಕಿ ಹಿಡಿದರು.

ಕೂಲಿ 900 ರೂಪಾಯಿ. ಶನಿವಾರ ಅಂದದ್ದು ಮಂಗಳವಾರ ಆಯಿತು, ಫೋನೂ ಎತ್ತಲ್ಲ. ಕೂರಲು ಒಂದು ಡಬ್ಬ, ಅದಕ್ಕೂ ಗ್ರೀಸು. ಬಿಳಿ ಪ್ಯಾಂಟ್ ಹಾಕಿಕೊಂಡು ಹೋಗಬೇಡಿ. ಗಾಡಿ ಮಾತ್ರ ಈಗ ಹಾಫ್ ಕಿಕ್‌ಗೇ ಏಳುತ್ತೆ.