ನಲ್ವತ್ತು ನಿಮಿಷ ಒಳಗೆ ಕಾಯೋದಾ, ಹೊರಗೆ ಕಾಯೋದಾ? ಅಂಧೇರಿ ಏಸಿ ಹೋಟೆಲ್ ಮತ್ತು ಮಾಟುಂಗಾ

ಭಾಮೈದನಿಗೆ ಕೆಲಸ ಪರ್ಮನೆಂಟ್ ಆಯ್ತು ಅಂತ ನಮಗೆ ಪಾರ್ಟಿ. ಮುಂಬೈಯ ಅಂಧೇರಿಯಲ್ಲಿ ಒಂದು ಮಂಗಳೂರು ಕಡೆ ಊಟದ ಏಸಿ ರೆಸ್ಟೋರೆಂಟು, ಹೆಸರು ಬೇಡ ಬಿಡಿ. ಹೋದ ತಕ್ಷಣ ಟೇಬಲ್ ಸಿಕ್ತು, ಅಲ್ಲಿಗೆ ಒಳ್ಳೇದೆಲ್ಲಾ ಮುಗೀತು. ಆರ್ಡರ್ ತಗೊಳ್ಳೋಕೇ ಹದಿನೈದು ನಿಮಿಷ, ಬಂದವನು ಮೊದಲು ಕೇಳಿದ್ದು ಬಾಟ್ಲಿ ನೀರಾ ಸಾದಾ ನೀರಾ ಅಂತ, ಸಾದಾ ಅಂದಿದ್ದಕ್ಕೆ ಮುಖ ಒಂಥರಾ ಮಾಡ್ಕೊಂಡು ಹೋದ, ಆ ನೀರು ಕೊನೇವರೆಗೂ ಬರಲಿಲ್ಲ.

ಕೋರಿ ರೊಟ್ಟಿ ಹೇಳಿದ್ವಿ, ಅಂದ್ರೆ ಗರಿಗರಿ ಅಕ್ಕಿ ರೊಟ್ಟಿ, ಜೊತೆಗೆ ಗಸಿ ಅನ್ನೋ ಕಾಯಿ ಹಾಕಿದ ಕೋಳಿ ಸಾರು. ರೊಟ್ಟಿ ಬಂತು, ಗಸಿ ಬರಲಿಲ್ಲ! ಕಾದು ಕಾದು ಹಸಿವಿಗೆ ರೊಟ್ಟಿನ ಹಪ್ಪಳದ ಥರ ಕಟುಂ ಕಟುಂ ಅಂತ ತಿಂದು ಮುಗಿಸಿದ್ವಿ, ಆಮೇಲೆ ಗಸಿ ಬಂತು, ಅದ್ದಿಕೊಳ್ಳೋಕೆ ರೊಟ್ಟಿ ಇಲ್ಲ, ಇನ್ನೊಂದು ಪ್ಲೇಟ್ ಹೇಳಿದ್ರೆ ಅದು ಬರೋ ಹೊತ್ತಿಗೆ ಗಸಿ ತಣ್ಣಗಾಗಿ ಮೇಲೆ ಎಣ್ಣೆ ಕೆನೆಗಟ್ಟಿತ್ತು. ನೀರು ದೋಸೆನೂ ಹಾಗೇ, ಕೌಂಟರ್ ಮೇಲೆ ಕೂತು ಕೂತು ರಬ್ಬರ್. ನಾನು ಮ್ಯಾನೇಜರ್ ಕರೀತೀನಿ ಅಂತ ಎದ್ರೆ ಹೆಂಡತಿ ಕಾಲು ತುಳಿದಳು, ತಮ್ಮನ ಪಾರ್ಟಿ ಅಲ್ವಾ. ಅವನೇ ಪಾಪ "ಅಕ್ಕಾ, ಇಲ್ಲಿಗೆ ಕರ್ಕೊಂಡು ಬಂದು ತಪ್ಪು ಮಾಡ್ದೆ" ಅಂತ ಮುಖ ಸಣ್ಣ ಮಾಡ್ಕೊಂಡಿದ್ದ. ಬಿಲ್ಲಲ್ಲಿ 10% ಸರ್ವಿಸ್ ಚಾರ್ಜು ನೋಡಿದ ಮೇಲೆ ಮಾತ್ರ ಸುಮ್ನಿರೋಕೆ ಆಗಲಿಲ್ಲ. 2022ರ ಜುಲೈಯಲ್ಲೇ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದನ್ನ ಬಿಲ್ಲಿಗೆ ತಾನಾಗೇ ಸೇರಿಸಬಾರದು ಅಂತ ಹೇಳಿದೆ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಅದನ್ನ ಎತ್ತಿಹಿಡೀತು. ತೆಗೀರಿ ಅಂದೆ. ತೆಗೆದ್ರು, ಅದಕ್ಕೂ ಹತ್ತು ನಿಮಿಷ.

ಮುಂದಿನ ಭಾನುವಾರ ನನ್ನ ಲೆಕ್ಕದಲ್ಲಿ ಮಾಟುಂಗಾ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ರೈಲು ಹಿಡಿದ್ರೆ ಅಲ್ಲಿ ನಿಲ್ಲಲ್ಲ, ಸ್ಲೋದಲ್ಲೇ ಕುಲುಕಿಕೊಂಡು ಹೋಗ್ಬೇಕು. ಕಿಂಗ್ಸ್ ಸರ್ಕಲ್ ಕಡೆಯ ಕೆಫೆ ಮದ್ರಾಸು 1940ರಿಂದ ಇದೆ, ಭಾನುವಾರ ಬೆಳಿಗ್ಗೆ ಫುಟ್‌ಪಾತ್ ತುಂಬಾ ಜನ. ಹೆಸರು ಬರೆಸಿ ನಿಂತ್ವಿ, ಸರಿಯಾಗಿ ನಲ್ವತ್ತು ನಿಮಿಷ. ಅಂಧೇರಿಯಲ್ಲೂ ಹೆಚ್ಚು ಕಮ್ಮಿ ಅಷ್ಟೇ ಹೊತ್ತು ಕಾದಿದ್ದು, ಅದೂ ಮೆತ್ತನೆ ಕುರ್ಚಿ ಮೇಲೆ, ಆದ್ರೂ ಇಲ್ಲಿ ಸಿಟ್ಟು ಬರಲಿಲ್ಲ ಯಾಕಂದ್ರೆ ನಮಗಿಂತ ಮುಂಚೆ ಎಷ್ಟು ಜನ ಅಂತ ಕಣ್ಣಿಗೇ ಕಾಣ್ತಿತ್ತು, ಅಲ್ಲಿ ನಾವು ಇದೀವಿ ಅನ್ನೋದೇ ಯಾರಿಗೂ ನೆನಪಿರಲಿಲ್ಲ. ಕೂತ ಮೇಲೆ ನೀರು ದೋಸೆ ಹಬೆಯಾಡ್ತಾ ಬಂತು. ಆರಾಮಾಗಿ ಹರಟೆ ಹೊಡೀತೀನಿ ಅಂದ್ರೆ ಆಗಲ್ಲ, ಹೊರಗೆ ನಿಂತವರ ಕಣ್ಣೆಲ್ಲಾ ನಮ್ಮ ತಟ್ಟೆ ಮೇಲೇ. ಅದೊಂದು ಕಿರಿಕಿರಿ ಹೌದು.

ಇನ್ನೊಂದು ಸಲ ಸ್ಟೇಷನ್ ಪಕ್ಕದ ರಾಮ ನಾಯಕ್ ಬೋರ್ಡಿಂಗು, 1942ರದ್ದು, ಬಾಳೆಲೆ ಊಟ. ಬಡಿಸೋರು ನಗಲ್ಲ, ಏನು ಬೇಕು ಅಂತ ಕೇಳಲ್ಲ, ಎಲೆ ನೋಡ್ತಾರೆ ಅಷ್ಟೇ. ಅನ್ನ ಇದೆ ಸಾರು ಇಲ್ಲ ಅಂದ್ರೆ ಸಾರು ಬಿತ್ತು, ಮಾತೇ ಇಲ್ಲ. ನನಗೆ ಮೂರರಲ್ಲಿ ಇದೇ ಫಸ್ಟು. ಹೆಂಡತಿಗೆ ಮಾತ್ರ ಮದ್ರಾಸೇ ಇಷ್ಟ, ಬೋರ್ಡಿಂಗಲ್ಲಿ ಹಬ್ಬದ ಪಂಕ್ತಿಗೆ ಕೂತ ಹಾಗಾಗುತ್ತೆ ಅಂತಾಳೆ.

ಭಾಮೈದ ಬಿಡಲಿಲ್ಲ, "ಭಾವ, ಆ ಗಸಿ ಬಿಸಿ ಇದ್ದಿದ್ರೆ ಹೇಗಿರ್ತಿತ್ತು ಅಂತ ಒಂದ್ಸಲ ನೋಡೋಣ" ಅಂದ. ಅಂಧೇರಿಯಲ್ಲೇ ಅವನ ಆಫೀಸು, ಸಂಜೆ ಬರೋವಾಗ ಪಾರ್ಸೆಲ್ ತಂದ. ಮನೇಲಿ ಕುದಿಸಿ, ಗರಿಗರಿ ರೊಟ್ಟಿ ಮೇಲೆ ಸುರ್ಕೊಂಡು ತಿಂದ್ರೆ, ಅಯ್ಯೋ ಎಂಥಾ ಗಸಿ ರೀ ಅದು! ಕೊಬ್ಬರಿ ಹದ, ಬ್ಯಾಡಗಿ ಮೆಣಸಿನ ಬಣ್ಣ, ಊರಲ್ಲೇ ತಿಂದ ಹಾಗೆ. ಸಿಟ್ಟು ಬಂದಿದ್ದು ಆವಾಗಲೇ ಜಾಸ್ತಿ.